ಆ ಕಡೆಯ ಅಂಚು

ಬೆಡ್‌ಶೀಟಿನ ಎರಡು ಮೂಲೆಗಳನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ, ಉಳಿದೆರಡನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆಯುತ್ತಿದ್ದೆ. ಶೀಟು ಬಿಗಿಯಾಗುವವರೆಗೆ ನಡೆಯಬೇಕು. ಆಮೇಲೆ ಒಮ್ಮೆ ಜೋರಾಗಿ ಕೊಡವಬೇಕು. ಸುಕ್ಕೆಲ್ಲ ಅಲೆಯ ಹಾಗೆ ಎದುರಿಗೆ ಓಡಿಹೋಗಿ ಅಲ್ಲಿ ಸತ್ತುಹೋಗುತ್ತದೆ. ಈ ಕೆಲಸಕ್ಕೆ ಚಿಲಕ ಸಾಕು. ಎಳೆದರೆ ಎಳೆಸಿಕೊಳ್ಳುತ್ತದೆ, ಗೊಣಗುವುದಿಲ್ಲ. ಆದರೆ ಮಡಿಸಿದ ಮೇಲೆ ಎದುರಿನವಳು ನಡೆದುಬಂದು ತನ್ನ ಕಡೆಯ ಅಂಚನ್ನು ನಮ್ಮ ಕೈಗೆ ಕೊಡುವುದುಂಟಲ್ಲ, ಅದು ಚಿಲಕದಿಂದ ಆಗುವುದಿಲ್ಲ. ನಾವೇ ನಡೆದುಹೋಗಿ ಬಿಡಿಸಿಕೊಳ್ಳಬೇಕು.

"ಹಿಡ್ಕೊಂಡ್ಯಾ?" ಎಂದೆ.

"ಯಾರ ಜೊತೆ ಮಾತು?" ಎಂದಳು ಕಂಡಕ್ಟರಮ್ಮ, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ.

"ಕಿಟಕಿ ಜೊತೆ."

"ಏನಂತೆ ಅದು?"

"ಹಿಡ್ಕೊಂಡಿದೆಯಂತೆ."

"ರೈಟ್," ಎಂದು ಅವಳು ತನ್ನ ಚೀಲವನ್ನು ಮೇಜಿನ ಮೇಲಿಟ್ಟಳು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು ಅವಳು. ಅವಳಿಗೆ ಸರಿ, ಆಯಿತು, ಹೊರಡೋಣ, ಸಾಕು ಮಾಡು, ಎಲ್ಲದಕ್ಕೂ ಅದೊಂದೇ ಮಾತು.

ನಮ್ಮ ಸೇವಾ ಕ್ಲಬ್ಬಿನ ಕೋಣೆ ಇರುವುದು ಸೈಕಲ್ ಅಂಗಡಿಯ ಮೇಲೆ. ಕೆಳಗಿನಿಂದ ಟ್ಯೂಬಿಗೆ ಹಚ್ಚುವ ಅಂಟಿನ ವಾಸನೆ ಬರುತ್ತಲೇ ಇರುತ್ತದೆ. ಕೋಣೆಯ ಗೋಡೆಗೆ ಒರಗಿಸಿದ ಊರುಗೋಲುಗಳು, ಮಡಚಿದ ಗಾಲಿಕುರ್ಚಿಗಳು, ಬಿಚ್ಚಿಟ್ಟ ಮಂಚದ ಕಾಲುಗಳು. ಹಾಸಿಗೆ ಹಿಡಿದವರಿರುವ ಮನೆಗೆ ಇವನ್ನೆಲ್ಲ ಕ್ಲಬ್ಬು ಎರವಲು ಕೊಡುತ್ತದೆ, ಬಾಡಿಗೆ ಕೇಳುವುದಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ಕೊಡುತ್ತದೆ: ಒಂದು ಜೋಡಿ ಹೆಂಗಸರನ್ನು. ಎದ್ದು ಕೂರಲಾರದ ಮನುಷ್ಯನ ಕೆಳಗಿನಿಂದ ಕೊಳೆಯಾದ ಶೀಟು ತೆಗೆದು ಹೊಸದು ಹಾಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ವಾರಕ್ಕೊಮ್ಮೆ ಜೋಡಿ ಹೋಗುತ್ತದೆ, ಮಂಚದ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಲ್ಲುತ್ತಾರೆ.

ಆ ಜೋಡಿಗಳಲ್ಲಿ ಮೊದಲನೆಯದು ನಾನು ಮತ್ತು ನನ್ನ ಓರಗಿತ್ತಿ. ಅವಳು ನನ್ನ ಮೈದುನನ ಹೆಂಡತಿ. ಕೆಲಸ ಕಲಿತದ್ದು ನಮ್ಮ ಅತ್ತೆಯ ಮೇಲೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ಅವಳು ಹೊಸದಾಗಿ ಮನೆಗೆ ಬಂದವಳು, ನನ್ನನ್ನು "ನೀವು" ಎನ್ನುತ್ತಿದ್ದಳು. ಅತ್ತೆಯನ್ನು ನಾನು ಅವಳ ಕಡೆಗೆ ಹೊರಳಿಸಬೇಕು, ಅವಳು ಭುಜ ಮತ್ತು ಸೊಂಟ ಹಿಡಿದು ತನ್ನ ಎದೆಗೆ ಆನಿಸಿಕೊಳ್ಳಬೇಕು. ಆಗ ನಾನು ಹಳೆಯ ಶೀಟನ್ನು ಅತ್ತೆಯ ಬೆನ್ನಿನವರೆಗೆ ಉದ್ದಕ್ಕೂ ಸುರುಳಿ ಸುತ್ತಿ, ಅದರ ಪಕ್ಕಕ್ಕೆ ಹೊಸ ಶೀಟಿನ ಸುರುಳಿಯನ್ನಿಟ್ಟು, ಅರ್ಧ ಹಾಸಬೇಕು. ಆಮೇಲೆ ಅವಳು ಅತ್ತೆಯನ್ನು ನನ್ನ ಕಡೆಗೆ ಹೊರಳಿಸಬೇಕು. ಹಳೆಯದನ್ನು ಎಳೆದು ಬಿಸಾಕಿ, ಹೊಸದನ್ನು ಬಿಚ್ಚಿ ಬಿಗಿ ಮಾಡಬೇಕು.

"ನಾನೇನು ಚಾಪೆಯೇನ್ರೇ, ಹೀಗೆ ಸುತ್ತೋಕೆ?" ಎನ್ನುತ್ತಿದ್ದರು ಅತ್ತೆ.

"ಚಾಪೆ ಇಷ್ಟು ಮಾತಾಡಲ್ಲ ಅತ್ತೆ," ಎನ್ನುತ್ತಿದ್ದಳು ಅವಳು.

ಹೊರಳಿಸುವವಳು ಕೈ ಬಿಡುವ ಮೊದಲು "ಹಿಡ್ಕೊಂಡ್ಯಾ?" ಎನ್ನಬೇಕು. ಎದುರಿನವಳು "ಹಿಡ್ಕೊಂಡೆ" ಎಂದ ಮೇಲೆಯೇ ಬಿಡಬೇಕು. ಇದು ನಾವು ಮಾಡಿಕೊಂಡ ಕಟ್ಟಳೆ. "ಹಿಡ್ಕೊಂಡಿರಾ" ಎನ್ನುವಷ್ಟು ಪುರುಸೊತ್ತು ಅಲ್ಲಿರಲಿಲ್ಲ. ಅಲ್ಲಿಂದ ಅವಳು ನನ್ನನ್ನು "ನೀನು" ಎಂದದ್ದು, "ಅಕ್ಕ" ಎಂದದ್ದು. ಗಂಡಂದಿರು ತೀರಿಹೋದ ಮೇಲೆ ಅವಳೇ ನನ್ನನ್ನು ಎಳೆದುಕೊಂಡು ರಾತ್ರಿ ಶಾಲೆಗೂ ಸೇರಿಸಿದಳು. "ನಿನಗೊಂದು ವಿಷಯ ಹೇಳಬೇಕಾದ್ರೆ ಇನ್ನೊಬ್ಬರ ಕೈಲಿ ಬರೆಸಿ, ಇನ್ನೊಬ್ಬರ ಕೈಲಿ ಓದಿಸಿ, ಥೂ, ಅದೇನು ಬಾಳು ಅಕ್ಕ," ಎಂದಿದ್ದಳು. ಆಗ ಇಬ್ಬರೂ ಒಂದೇ ಮನೆಯಲ್ಲಿದ್ದೆವು. ಯಾರು ಯಾರಿಗೆ ಯಾಕೆ ಕಾಗದ ಬರೆಯಬೇಕೆಂದು ನನಗೆ ನಗು ಬಂದಿತ್ತು.

ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋದವಳು ಅವಳು. ಮಗುವಿನ ಕತ್ತು ನಿಲ್ಲಲಿ, ಬರ್ತೀನಿ ಅಕ್ಕ, ಎಂದಳು. ಕತ್ತು ನಿಂತಿತು. ತೆವಳಲಿ ಎಂದಳು. ತೆವಳಿತು, ನಿಂತಿತು, ಓಡಿತು. ಮಗಳಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಅಳಿಯ ಊರೂರು ತಿರುಗುವವನು. ಮಗುವನ್ನು ನೋಡಿಕೊಳ್ಳುವವರು ಬೇಡವೇ? ಈಗ ಆ ಮಗುವಿಗೆ ಹಾಲುಹಲ್ಲು ಬೀಳುತ್ತಿದೆ. ಅವಳು ಈಗ ಏನೂ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಫೋನು ಇದೆ. ಆದರೆ ಆ ಮನೆಯಲ್ಲಿ ಫೋನೆಂದರೆ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು ಮಾತಾಡುವ ವಸ್ತು. ಮಗು ಹಾಡು ಹೇಳುತ್ತದೆ, ಮಗಳು "ದೊಡ್ಡಮ್ಮಾ, ಆರೋಗ್ಯನಾ?" ಎನ್ನುತ್ತಾಳೆ, ಕುಕ್ಕರು ಕೂಗುತ್ತದೆ. ಎಲ್ಲರ ಎದುರು "ನೀನಿಲ್ಲದೆ ಆಗ್ತಿಲ್ಲ, ಬಾ" ಎನ್ನುವುದು ಹೇಗೆ? ಮಗಳ ಮುಖ ಸಣ್ಣದಾಗುವುದು ಇಲ್ಲಿಂದಲೇ ಕಾಣುತ್ತದೆ. ಹಾಗಾಗಿ ಊಟ, ಮಂಡಿ, ಹವೆ ಇಷ್ಟರಲ್ಲಿ ನಮ್ಮ ಮಾತು ಮುಗಿಯುತ್ತದೆ.

ಕಾಗದ ಬರೆಯಲು ಶುರು ಮಾಡಿದ್ದೆ. ಅದಿನ್ನೂ ಮನೆಯಲ್ಲಿ ಗುಂಡುಸೂಜಿಯ ಡಬ್ಬಿಯ ಕೆಳಗೆ ಬೆಳೆಯುತ್ತಲೇ ಇತ್ತು. ಮೊದಲಲ್ಲಿ ಪೆನ್ಸಿಲು, ಆಮೇಲೆ ನೀಲಿ ಶಾಯಿ, ಆಮೇಲೆ ಕಪ್ಪು. ಮನೆಗೆ ಸುಣ್ಣ ಬಳಿಸಿದ್ದು, ಸೈಕಲ್ ಅಂಗಡಿಯವನ ಮಗಳು ಪಾಸಾದದ್ದು, ಎಲ್ಲ ಬರೆದಿದ್ದೆ. ಬರೆಯಬೇಕಾದದ್ದರ ಹತ್ತಿರ ಬಂದ ಕೂಡಲೇ ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಬಾ ಎಂದರೆ ಅವಳು ಬಂದೇಬಿಡುತ್ತಾಳೆ ಎಂಬುದು ಒಂದು ಹೆದರಿಕೆ. ಬಾ ಎಂದ ಮೇಲೂ ಬರದಿದ್ದರೆ ಎಂಬುದು ಅದಕ್ಕಿಂತ ದೊಡ್ಡದು.

"ಅತ್ತೆ, ಅದು ಕಾಗದವೋ, ಪುಸ್ತಕವೋ?" ಎಂದು ಸೊಸೆ ಕೇಳಿದ್ದಳು. ನಮ್ಮ ಮನೆ ತುಂಬ ಜನವಿದ್ದಾರೆ. ಮಗ, ಸೊಸೆ, ಮೊಮ್ಮಕ್ಕಳು, ಹೋಗಿಬರುವವರು. ಒಂಟಿತನವೆಂದು ಯಾರೂ ಹೇಳುವಂತಿಲ್ಲ. ಆದರೆ ಮಂಚದ ಆ ಕಡೆ ನಿಲ್ಲುವವಳು ಬೇರೆ.

ಅವಳು ಹೋದಂದಿನಿಂದ ನಾನು ಯಾರ ಮನೆಗೂ ಹಾಸಿಗೆ ಬದಲಿಸಲು ಹೋಗಿಲ್ಲ. ಹೊಸ ಜೋಡಿ ಮಾಡಿಕೊಡುತ್ತೇವೆ ಎಂದರೆ ಮಂಡಿ ನೋವು ಎಂದೆ. ಒಗೆದು ಬಂದ ಶೀಟುಗಳನ್ನು ಮಡಿಸಿಡುವ ಕೆಲಸ ಹಿಡಿದೆ.

ಅಂದು ಕಂಡಕ್ಟರಮ್ಮನ ಹಿಂದೆಯೇ ನಮ್ಮ ಅಧ್ಯಕ್ಷರೂ ಬಂದರು. ಅವರದು ಔಷಧಿ ಅಂಗಡಿ. ಮನುಷ್ಯ ದುಂಡಗೆ, ಮೃದು. ಕ್ಲಬ್ಬಿನ ವಾರ್ಷಿಕ ಮಾರಾಟ ಬರಲಿತ್ತು. ಊರವರು ಕೊಟ್ಟ ಹಳೆಯ ಸ್ವೆಟರು, ಪುಸ್ತಕ, ದೀಪ, ತಟ್ಟೆಗಳನ್ನು ಮಾರಿ ಬಂದ ಹಣದಲ್ಲಿ ಕ್ಲಬ್ಬು ನಡೆಯುತ್ತದೆ. ಈ ಸಲ ತಲೆಯ ಕಡೆ ಹಿಡಿ ತಿರುಗಿಸಿ ಎತ್ತುವ ಒಂದು ಮಂಚ ಕೊಳ್ಳಬೇಕೆಂದಿತ್ತು. ಅಂಥದಕ್ಕಾಗಿ ಕಾಯುತ್ತಿದ್ದ ಮನೆಗಳಿದ್ದವು.

"ಬರೀ ಹಳೇ ಸಾಮಾನು ಇಟ್ರೆ ಜನ ಬರಲ್ಲ," ಎಂದರು ಅಧ್ಯಕ್ಷರು. "ಹೋದ ವರ್ಷ ಏನಾಯ್ತು ನೋಡಿ. ನಾನು ಕೊಟ್ಟ ಹೂದಾನಿಯನ್ನ ಇವರು ಕೊಂಡ್ರು. ಇವರು ಕೊಟ್ಟ ಗೋಡೆ ಗಡಿಯಾರವನ್ನ ನಾನು ಕೊಂಡೆ."

"ಆ ಹೂದಾನಿ ಈ ವರ್ಷ ವಾಪಸ್ ಬಂದಿದೆ," ಎಂದಳು ಕಂಡಕ್ಟರಮ್ಮ.

"ಗಡಿಯಾರವೂ ಬಂದಿದೆ. ಅದಕ್ಕೇ ಹೇಳಿದ್ದು. ಒಂದು ಆಟ ಇಡೋಣ. ಮಂಚದ ಮೇಲೆ ಒಬ್ಬರು ಮಲಗೋದು, ಟಿಕೆಟ್ ತಗೊಂಡ ಜೋಡಿ ಶೀಟು ಬದಲಿಸೋದು. ಜನಕ್ಕೆ ನಗು, ನಮಗೆ ಹಣ, ಜೊತೆಗೆ ನಾಲ್ಕು ಜನ ಕೆಲಸ ಕಲಿತ ಹಾಗೂ ಆಯ್ತು."

"ಮಲಗೋದು ಯಾರು?"

"ನಾನೇ."

ಕಂಡಕ್ಟರಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮಗೆ ಒಂದೂವರೆ ಟಿಕೆಟ್ ಹಾಕಬೇಕು."

"ಮೊದಲು ಹೇಗೆ ಮಾಡೋದು ಅಂತ ತೋರಿಸಬೇಕಲ್ಲ," ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವು, ಮತ್ತೆ ಇವರು."

"ನನಗೆ ಮಂಡಿ ನೋವು," ಎಂದೆ.

"ಅಮ್ಮಾ, ನಿಮ್ಮ ಮಂಡಿಗೆ ಮುಲಾಮು ಕೊಡೋ ಅಂಗಡಿ ನನ್ನದು. ನೀವು ಅದನ್ನ ಕೊಂಡು ಯಾವ ಕಾಲವಾಯ್ತು?"

ನಾನು ಚಿಲಕದಿಂದ ಶೀಟು ಬಿಡಿಸಿಕೊಳ್ಳುವ ನೆವದಲ್ಲಿ ಕಿಟಕಿಯ ಕಡೆ ಹೋದೆ. ಆದರೆ ಆಗಲೇ ಕಂಡಕ್ಟರಮ್ಮ "ರೈಟ್" ಎಂದುಬಿಟ್ಟಿದ್ದಳು.

ಮಾರಾಟದ ದಿನ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಗೋಡೆಯುದ್ದಕ್ಕೂ ಮೇಜುಗಳು. ಹೂದಾನಿಯೂ ಗಡಿಯಾರವೂ ಅಕ್ಕಪಕ್ಕ ಕೂತು, ಈ ಸಲ ಯಾರ ಮನೆಯೋ ಎಂದು ಕಾಯುವ ಹಾಗಿದ್ದವು. ನಡುವೆ ಒಂದು ಮಂಚ. ಸ್ವೆಟರುಗಳಿಗೆ ಮೇಜು ಸಾಲದೆ ಅವನ್ನು ಮಂಚದ ಆಚೆ ನೆಲದ ಮೇಲೆ ಗುಡ್ಡೆ ಹಾಕಿದ್ದರು. ಅಧ್ಯಕ್ಷರು ಚಪ್ಪಲಿ ಕಳಚಿಟ್ಟು, ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಮಲಗಿ ಎದೆಯ ಮೇಲೆ ಕೈ ಜೋಡಿಸಿಕೊಂಡರು.

"ಅಷ್ಟು ಶಾಂತವಾಗಿ ಮಲಗಬೇಡಿ, ಭಯ ಆಗತ್ತೆ," ಎಂದರು ಅವರ ಹೆಂಡತಿ. ಜನ ನಕ್ಕರು.

ನಾನು ಈ ಕಡೆ ನಿಂತೆ. ಆ ಕಡೆ ಕಂಡಕ್ಟರಮ್ಮ ನಿಂತಿದ್ದಳು. ಆಟದ ಟಿಕೆಟುಗಳನ್ನು ಮಾರುವವಳೂ ಅವಳೇ. ಟಿಕೆಟಿನ ಕಟ್ಟನ್ನು ಎಡಗೈಯ ಬೆರಳ ಸಂದಿಯಲ್ಲಿ ಹಳೆಯ ರೂಢಿಯಂತೆ ಸಿಕ್ಕಿಸಿಕೊಂಡಿದ್ದಳು. ಕೆಳಗಿಡು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮಂಚದ ಅಂಚಿಗೆ ತೊಡೆ ತಾಗಿದ ಕೂಡಲೇ ನನಗೆ ಸಭಾಂಗಣ ಕಾಣುವುದು ನಿಂತುಹೋಗಿತ್ತು. ಎಷ್ಟು ಕಾಲವಾಗಿತ್ತು ಹಾಗೆ ನಿಂತು! ಕೈಗಳು ತಾವಾಗಿಯೇ ಹೋಗಿ ಒಂದು ಭುಜದ ಕೆಳಗೆ, ಒಂದು ಸೊಂಟದ ಕೆಳಗೆ ಕೂತವು. ಅಧ್ಯಕ್ಷರ ಭಾರವೆಲ್ಲ ನನ್ನ ಅಂಗೈಯಲ್ಲಿ ಹಗುರಾಗಿ ಏಳುತ್ತ ಆ ಕಡೆಗೆ ವಾಲಿತು.

"ಹಿಡ್ಕೊಂಡ್ಯಾ?" ಎಂದೆ.

"ಹಿಡ್ಕೊಂಡೆ," ಎಂದು ಕೇಳಿಸಿತು.

ಬಿಟ್ಟೆ.

ಅಧ್ಯಕ್ಷರು ಆ ಕಡೆಗೆ ಹೊರಳಿದರು. ಅಲ್ಲಿ ನಿಲ್ಲದೆ ಇನ್ನೂ ಒಂದು ಸುತ್ತು ಹೊರಳಿ, ಮಂಚದಿಂದ ಇಳಿದೇ ಹೋದರು. ಸ್ವೆಟರಿನ ಗುಡ್ಡೆಯೊಳಗೆ ಧೊಪ್ಪೆಂದು ಸದ್ದಾಯಿತು. ಕಂಡಕ್ಟರಮ್ಮ ಬೆನ್ನು ಹಾಕಿ ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕೈ ಚಾಚಿ "ಇಲ್ಲಿ ಎರಡು" ಎಂದಿದ್ದರು. ಚಾಚಿದ ಕೈಗೆ ಟಿಕೆಟು ಕೊಡದೆ ಅವಳು ಜನ್ಮದಲ್ಲಿ ಇದ್ದವಳೇ ಅಲ್ಲ.

ಆಮೇಲೆ ಗುಡ್ಡೆಯಿಂದ ಅಧ್ಯಕ್ಷರ ತಲೆ ಎದ್ದಿತು. ಅದರ ಮೇಲೊಂದು ಕೆಂಪು ಸ್ವೆಟರಿನ ತೋಳು ಜೋತುಬಿದ್ದಿತ್ತು.

"ಇಳಿಯೋರು ಯಾರಾದ್ರೂ ಇದ್ರೆ ಮೊದಲೇ ಹೇಳಬೇಕಪ್ಪ," ಎಂದಳು ಕಂಡಕ್ಟರಮ್ಮ.

ಜನ ಬಿದ್ದು ಬಿದ್ದು ನಕ್ಕರು. ಆಟದಲ್ಲಿ ಇದೂ ಸೇರಿದೆ ಎಂದೇ ತಿಳಿದುಕೊಂಡರು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಿದರು. ಅಧ್ಯಕ್ಷರು ಮೈ ಕೊಡವಿಕೊಂಡು ಎದ್ದು, "ಮತ್ತೆ ಬೀಳಬೇಕಾದ್ರೆ ದರ ಬೇರೆ," ಎಂದು ನಗುತ್ತಲೇ ಮಂಚ ಹತ್ತಿದರು. ಟಿಕೆಟಿನ ಕಟ್ಟು ಖಾಲಿಯಾಯಿತು. ಕೆಂಪು ಸ್ವೆಟರನ್ನು ಯಾರೋ ಜಗಳವಾಡಿ ಕೊಂಡರು. ಹಿಡಿ ತಿರುಗಿಸುವ ಮಂಚ ಬರುವುದು ಅಲ್ಲೇ ಖಾತ್ರಿಯಾಯಿತು.

ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಕಂಡಕ್ಟರಮ್ಮ ಬಂದು ಪಕ್ಕದಲ್ಲಿ ಕೂತಳು.

"ತಪ್ಪು ನನ್ನದೇ. ತಿರುಗಬಾರದಿತ್ತು. ಆದ್ರೆ ಒಂದು ಮಾತು. ನಾನು ಹಿಡ್ಕೊಂಡೆ ಅಂತ ಹೇಳಲೇ ಇಲ್ವಲ್ಲ?"

"ಇಲ್ಲ."

"ಮತ್ತೆ ಬಿಟ್ಟಿರಲ್ಲ!"

"ಕೇಳಿಸ್ತು," ಎಂದೆ.

ಅವಳು ನನ್ನ ಮುಖ ನೋಡಿದಳು. ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಕಿಟಕಿಯ ಜೊತೆ ಮಾತಾಡಿ ಮಾತಾಡಿ ಆದದ್ದು ಇದು. ದಿನವೂ ಕೇಳುವವಳೂ ನಾನೇ, ಅವಳ ದನಿಯಲ್ಲಿ ಉತ್ತರ ಕೊಟ್ಟುಕೊಳ್ಳುವವಳೂ ನಾನೇ ಆಗಿದ್ದೆ. ಶೀಟಿಗೆ ಅದು ಸಾಕಾಗಿತ್ತು. ಬಿದ್ದರೆ ಇನ್ನೊಮ್ಮೆ ಎತ್ತಿಕೊಳ್ಳಬಹುದು. ಮನುಷ್ಯನಿಗೆ ಹಾಗಾಗುತ್ತದೆಯೇ? ಆ ಕಡೆ ಸ್ವೆಟರುಗಳಿಲ್ಲದಿದ್ದರೆ? ಮಂಚದ ಮೇಲೆ ದುಂಡಗಿನ ಅಧ್ಯಕ್ಷರ ಬದಲು ನಮ್ಮ ಅತ್ತೆಯಂಥ ಮುದುಕಿ ಇದ್ದಿದ್ದರೆ?

ಮಾರನೆಯ ಮಧ್ಯಾಹ್ನ ಓರಗಿತ್ತಿಗೆ ಫೋನು ಮಾಡಿದೆ. ಅಲ್ಲಿ ಎಂದಿನಂತೆ ಮೇಜಿನ ಮೇಲಿಟ್ಟರು. ನಾನು ಹೂದಾನಿಯಿಂದ ಶುರು ಮಾಡಿ ಅಧ್ಯಕ್ಷರು ಬಿದ್ದದ್ದರವರೆಗೆ ಬಣ್ಣ ಹಚ್ಚಿ ಹೇಳಿದೆ. ಮಗಳು ನಕ್ಕಳು. ಮಗು ಅರ್ಥವಾಗದೆಯೇ ಕೇಕೆ ಹಾಕಿತು. ಓರಗಿತ್ತಿ ಮಾತ್ರ ನಗಲಿಲ್ಲ.

"ಅಕ್ಕ, ಕೇಳಿದೆ ತಾನೇ ನೀನು? ಕೇಳದೆ ಬಿಡೋವಳಲ್ಲ ನೀನು."

"ಕೇಳಿದೆ."

"ಮತ್ತೆ ಹಿಡ್ಕೊಂಡೆ ಅಂದದ್ದು ಯಾರು?"

ಅಲ್ಲಿ ಕುಕ್ಕರು ಕೂಗಿತು. ಮಗು "ಅಜ್ಜಿ, ಬಿದ್ದ ತಾತ ಅತ್ತರಾ?" ಎಂದು ಕೇಳುತ್ತಿತ್ತು. ನನ್ನ ಬಾಯಿಗೆ ಬಂದ ಮಾತು ಅಷ್ಟು ಜನರ ನಡುವೆ ಹಾದುಹೋಗುವಂಥದ್ದಾಗಿರಲಿಲ್ಲ.

"ಅದನ್ನ ಫೋನಲ್ಲಿ ಹೇಳೋಕಾಗಲ್ಲ ಕಣೇ."



"ಹಾಗಾದ್ರೆ ಬರಿ," ಎಂದಳು. "ನನಗೂ ಓದೋಕೆ ಬರುತ್ತೆ. ಮರೆತುಹೋಯ್ತಾ?"

ಫೋನಿಟ್ಟು ಗುಂಡುಸೂಜಿಯ ಡಬ್ಬಿ ಸರಿಸಿದೆ. ಹಾಳೆಗಳನ್ನು ಮೊದಲಿನಿಂದ ಓದಿದೆ. ಸುಣ್ಣ ಬಳಿಸಿದ ಗೋಡೆಗೆ ಆಗಲೇ ಇನ್ನೊಮ್ಮೆ ಸುಣ್ಣದ ಕಾಲ ಬಂದಿತ್ತು. ಪಾಸಾದ ಹುಡುಗಿ ಕೆಲಸಕ್ಕೂ ಸೇರಿದ್ದಳು. ಯಾವುದನ್ನೂ ಹೊಡೆದುಹಾಕಲಿಲ್ಲ. ಕೊನೆಯ ಹಾಳೆಯಲ್ಲಿ ಮಿಕ್ಕಿದ್ದ ಜಾಗದಲ್ಲಿ, ಪೆನ್ನಿನ ಮುಚ್ಚಳವನ್ನು ಮೊದಲು ದೂರ ಎತ್ತಿಟ್ಟು, ಬರೆದೆ:

"ಹಿಡ್ಕೊಂಡೆ ಎಂದದ್ದು ನೀನು. ನೀನು ಅಲ್ಲಿರಲಿಲ್ಲ. ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಇನ್ನು ಮೇಲೆ ನಾನು ಕಿಟಕಿಯ ಜೊತೆ ಮಾತಾಡುವುದಿಲ್ಲ. ಹೊಸ ಮಂಚ ಬರುತ್ತದೆ, ಅದು ಹೋಗುವ ಮನೆಗೆ ಜೋಡಿ ಬೇಕು. ಕಂಡಕ್ಟರಮ್ಮನಿಗೆ ಟಿಕೆಟಿನ ಕಟ್ಟು ಕೆಳಗಿಡುವುದನ್ನು ಕಲಿಸಿ ನಾನು ಅವಳ ಜೊತೆ ಹೋಗುತ್ತೇನೆ. ಕೆಲಸ ನಿಲ್ಲುವುದಿಲ್ಲ. ಆದ್ದರಿಂದ ಕೆಲಸಕ್ಕಾಗಿ ಕರೆಯುತ್ತಿಲ್ಲ. ಮಗಳಿಗೆ ತೊಂದರೆಯಾಗುವುದಾದರೆ ಬೇಡ ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ, ಅದನ್ನು ನೀನು ನೋಡಿಕೋ. ಬರಲಾಗದಿದ್ದರೆ ಆಗುವುದಿಲ್ಲ ಎಂದು ನಿನ್ನ ಕೈಯಲ್ಲೇ ಬರೆ. ನನಗೆ ಬೇಕಾದದ್ದು ಹೇಳುತ್ತೇನೆ. ಬಾ."

ಅಂಚೆ ಕಚೇರಿಯವನು ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ಹುಬ್ಬೇರಿಸಿದ. "ಏನಮ್ಮ ಇದು, ಕೋರ್ಟಿನ ಕಾಗದವಾ?"

"ಅಲ್ಲಪ್ಪ. ಒಂದೇ ಮಾತು. ಪೀಠಿಕೆ ಉದ್ದವಾಯ್ತು."

ಅವನು ಸಾಲಾಗಿ ಸ್ಟಾಂಪು ಅಂಟಿಸಿಕೊಟ್ಟು, ಹೊರಗಿನ ಪೆಟ್ಟಿಗೆಗೆ ಹಾಕಿ ಎಂದ. ಪೆಟ್ಟಿಗೆ ಇರುವುದು ಬಸ್ ನಿಲ್ದಾಣದ ಪಕ್ಕದಲ್ಲೇ. ಕಂಡಕ್ಟರಮ್ಮ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು. ಲಕೋಟೆಯ ಮೇಲಿನ ಹೆಸರು ಓದಿದಳು.

ಲಕೋಟೆ ದಪ್ಪ, ಬಾಯಿ ಕಿರಿದು. ಒತ್ತಿ ಒತ್ತಿ ಅರ್ಧ ಒಳಗೆ ಹೋಗಿ, ನನ್ನ ಕಡೆಯ ಅಂಚು ಬೆರಳ ನಡುವೆ ಉಳಿಯಿತು. ಪೆಟ್ಟಿಗೆಯೊಳಗೆ ಕತ್ತಲು. ಕೇಳಬೇಕೆಂದು ಬಾಯಿ ತೆರೆದೆ. ಕೇಳಿದರೆ ಮತ್ತೆ ನಾನೇ ಉತ್ತರ ಕೊಟ್ಟುಕೊಳ್ಳುತ್ತೇನೆ ಎಂದು ಗೊತ್ತಿತ್ತು. ಮುಚ್ಚಿಕೊಂಡೆ.

"ಇನ್ನೂ ಎಷ್ಟು ಹೊತ್ತು ಹಿಡ್ಕೊಂಡೇ ಇರ್ತೀರಿ?" ಎಂದಳು ಕಂಡಕ್ಟರಮ್ಮ. "ನನ್ನ ಬಸ್ಸು ಬಂತು."

ಬಿಟ್ಟೆ.